ಪೊರಕೆ ಕೇತಮ್ಮನ ನವರಂಗ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರುವ ಮೊದಲು, ಈ ಬೆಟ್ಟದ ಬುಡದ ಹಾಡಿಯಲ್ಲಿ ಕೇತಮ್ಮ ಅಂತ ಒಬ್ಬಳಿದ್ದಳಂತೆ. ಹುಲ್ಲು ತಂದು ಪೊರಕೆ ಕಟ್ಟುವುದು ಅವಳ ಕೆಲಸ. ಅಂಗಳದಲ್ಲಿ ಒಂದು ತರಗೆಲೆ ಬಿದ್ದರೂ ಸಹಿಸುತ್ತಿರಲಿಲ್ಲವಂತೆ. ಅಲ್ಲಿ ಅನ್ನ ಚೆಲ್ಲಿದರೆ ಎತ್ತಿ ಉಣ್ಣಬಹುದಿತ್ತು ಅನ್ನುತ್ತಾರೆ. ಹೇಳುವವರು ಸ್ವಲ್ಪ ಸೇರಿಸಿಯೇ ಹೇಳುತ್ತಾರೆ, ಬಿಡಿ.

ಅವಳಿಗಿದ್ದದ್ದು ಒಬ್ಬಳೇ ಮಗಳು, ರಂಗಿ. ಒಂದು ಮಳೆಗಾಲದ ಬೆಳಿಗ್ಗೆ ಆ ಕೂಸು ಗುಡಿಸಿದ ಅಂಗಳದ ಮೇಲೆ ಕೆಸರುಗಾಲಲ್ಲಿ ಓಡಿತಂತೆ. ಕೇತಮ್ಮ ಪೊರಕೆ ಎತ್ತಿ, “ಅತ್ಲಾಗೆ ಹೋಗು!” ಅಂದಳಂತೆ. ಮಗು ಹಳ್ಳದ ಕಡೆ ಹೋಯಿತು. ಹಳ್ಳ ಅದನ್ನು ವಾಪಸ್ಸು ಕೊಡಲಿಲ್ಲ.

ಹೊರಟವರಿಗೆ “ಹೋಗಿ ಬಾ” ಅನ್ನಬೇಕು, ಬರೀ “ಹೋಗು” ಅನ್ನಬಾರದು. ಅವಳಿಗೂ ಗೊತ್ತಿತ್ತು. ಸಿಟ್ಟಲ್ಲಿ ಯಾರಿಗೆ ನೆನಪಿರುತ್ತದೆ? ಅಂದಿನಿಂದ ಅವಳು ಯಾರಿಗೂ ಹೋಗು ಅನ್ನಲಿಲ್ಲವಂತೆ, ಹೋಗಿ ಬಾ ಅಂತಲೂ ಅನ್ನಲಿಲ್ಲವಂತೆ.

ದಸರೆ ಕಳೆದ ಮೇಲೆ, ಒಂದು ಮುಂಜಾನೆ ಹೊಸ್ತಿಲ ಮುಂದೆ ಹಿಡಿಯಷ್ಟು ಹಕ್ಕಿಯೊಂದು ಬಿದ್ದಿತ್ತಂತೆ. ಹಸಿರು ಬೆನ್ನು, ಹೊಟ್ಟೆಯಡಿ ಕೆಂಪು, ಕಣ್ಣಿಗೆ ಕಾಡಿಗೆ ತೀಡಿದ ಹಾಗೆ ಕಪ್ಪು ಪಟ್ಟಿ. ನವರಂಗ. ಬಡಗಲ ಸೀಮೆಯಿಂದ, ಅಂದರೆ ದೂರದ ಉತ್ತರದಿಂದ, ಹಾರಿ ಹಾರಿ ಸೋತು ಬಿದ್ದದ್ದು. ಕೇತಮ್ಮ, ನನ್ನ ರಂಗಿಯೇ ಬಂದಳು ಅಂತ ಎದೆಗೊತ್ತಿಕೊಂಡಳಂತೆ.

ದೊಡ್ಡ ಬಿದಿರುಬುಟ್ಟಿ ಕವುಚಿ ಅದರಡಿ ಬಿಟ್ಟಳು. ಏನು ಹಾಕಿದರೂ ತಿನ್ನಲಿಲ್ಲ. ಆ ಹಕ್ಕಿಗೆ ತರಗೆಲೆ ಮಗುಚಿ, ಅಡಿಯ ಹುಳ ತಾನೇ ಹೆಕ್ಕಬೇಕು. ಆಗ ಕೇತಮ್ಮ ಕಾಡಿನಿಂದ ತರಗು ಹೊತ್ತು ತಂದು ತನ್ನ ಅಂಗಳದಲ್ಲಿ ತಾನೇ ಸುರಿದು, ಅದರ ಮೇಲೆ ಬುಟ್ಟಿ ಕವುಚಿದಳಂತೆ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರಂತೆ. ಹಕ್ಕಿ ಚೇತರಿಸಿತು. ಹೊತ್ತು ಮೂಡುವಾಗೊಮ್ಮೆ, ಮುಳುಗುವಾಗೊಮ್ಮೆ ಎರಡು ಸ್ವರದ ಸಿಳ್ಳೆ ಹಾಕುತ್ತಿತ್ತಂತೆ.

ಯುಗಾದಿ ಹತ್ತಿರವಾಯಿತು. ಹಕ್ಕಿ ಮೇವು ಬಿಟ್ಟಿತು. ಸಂಜೆಯಾದರೆ ಬುಟ್ಟಿಯ ಬಡಗಲ ಮಗ್ಗುಲಿಗೇ ಎದೆ ಬಡಿಯುತ್ತಿತ್ತಂತೆ. ಬುಟ್ಟಿಯನ್ನು ಹೇಗೆ ತಿರುಗಿಸಿಟ್ಟರೂ ಮತ್ತೆ ಬಡಗಲಿಗೇ. ಪುಕ್ಕ ಉದುರಿ ರಕ್ತ ಕಂಡಿತು. ಕೇತಮ್ಮ ಬುಟ್ಟಿಯ ಒಳಮೈಗೆ ಹಳೆ ಸೀರೆ ಕಟ್ಟಿದಳೇ ಹೊರತು ಬುಟ್ಟಿ ಎತ್ತಲಿಲ್ಲ. ಜೇನು ಕೀಳುವ ಅಚ್ಚುಗೇಗೌಡ ಬಂದು ನೋಡಿ, “ಅಕ್ಕಾ, ಇದು ಮರಿ ಮಾಡೋ ಸೀಮೆ ಆ ಕಡೆ ಐತೆ. ಬಿಡದಿದ್ರೆ ಇಲ್ಲೇ ಸಾಯ್ತದೆ. ಇದ್ನೂ ಕಳ್ಕತೀಯಾ?” ಅಂದನಂತೆ.

ಅವಳು ಆ ದಿನವೆಲ್ಲ ಬುಟ್ಟಿಯ ಮೇಲೆ ಕೈಯಿಟ್ಟು ಕೂತಳಂತೆ. ಹೊತ್ತು ಮುಳುಗುವಾಗ ಎತ್ತಿದಳು. ಹಕ್ಕಿ ಒಂದು ಗಳಿಗೆ ಹಾಗೇ ನಿಂತಿತ್ತಂತೆ. ಅಷ್ಟು ದಿನ ಯಾರಿಗೂ ಆಡದಿದ್ದ ಮಾತು ಆಗ ಹೊರಗೆ ಬಂತು. “ಹೋಗಿ ಬಾ, ಕೂಸೇ.”

ಮರುವರ್ಷ ಅಂಗಳದ ತರಗೆಲೆಯಲ್ಲಿ ಸಿಳ್ಳೆ ಕೇಳಿತಂತೆ. ಅದೇ ಹಕ್ಕಿ ಏಳು ವರ್ಷ ಬಂತು ಅಂತಾರೆ, ಹನ್ನೆರಡು ಅಂತಾರೆ. ಕೊನೆಗೆ ಕೇತಮ್ಮನೇ ಅದರ ಜೊತೆ ಹೋದಳು ಅನ್ನುವವರೂ ಇದ್ದಾರೆ. ನಾನೇನೂ ಕಂಡಿಲ್ಲ.

ಆದರೆ ದಸರೆಯಿಂದ ಯುಗಾದಿವರೆಗೆ ನಮ್ಮ ಹಾಡಿಯಲ್ಲಿ ಹಿತ್ತಿಲ ತರಗನ್ನು ಯಾರೂ ಗುಡಿಸುವುದಿಲ್ಲ. ಸೋತ ಹಕ್ಕಿ ಬಿದ್ದರೆ ಬುಟ್ಟಿ ಕವುಚಿ ಕಾಯುತ್ತೇವೆ, ಚೇತರಿಸಿದ ಸಂಜೆಯೇ ಎತ್ತುತ್ತೇವೆ. ಮತ್ತೆ, ಮಕ್ಕಳ ಮೇಲೆ ಎಷ್ಟೇ ಸಿಟ್ಟು ಬರಲಿ, ಕೈಯಲ್ಲಿ ಪೊರಕೆಯೇ ಇರಲಿ, ನಮ್ಮ ಹಾಡಿಯ ತಾಯಂದಿರು “ಹೋಗಿ ಬಾ” ಅಂತಲೇ ಬೈಯುತ್ತಾರೆ.