ದ್ಯಾಮಣ್ಣ ಕಸೂತಿ ಹಾಕಿದ್ದು

ನಿಂಬೆವ್ವನ ಮಗ ದ್ಯಾಮಣ್ಣಗ ಮೂವತ್ತು ತುಂಬಿತ್ತು ನೋಡ್ರಿ, ಬುದ್ಧಿ ಮಾತ್ರ ಇನ್ನೂ ದಾರ್ಯಾಗ ಬರಾಕತ್ತಿತ್ತು. ನಿಂಬೆವ್ವ ಊರಿಗೆಲ್ಲಾ ಕಸೂತಿ ಹಾಕಿಕೊಡಾಕಿ. ಈಗ ಕಣ್ಣು ಮಂಜಾಗಿ ಸೂಜಿ ಮಗನ ಕೈಗೆ ಬಂದಿತ್ತು. ಅವನ ಕೈ ಚಲೋ ಇತ್ತು, ತಕರಾರೆಲ್ಲಾ ತಲಿದು.

ದೇಸಾಯರ ಅಂಬಕ್ಕ ತನ್ನ ಮುತ್ತಜ್ಜಿ ರೇಷ್ಮಿ ದಾರದಾಗ ಹಾಕಿದ ಕಸೂತಿ ಬಟ್ಟಿ ತಂದ್ಲು. ಮ್ಯಾಲೆಲ್ಲಾ ನವಿಲು, ಆನಿ.

"ಸೋಮವಾರ ಮೊಮ್ಮಗಳಿಗೆ ಹೆಸರಿಡತೀವಿ. ಇಂಥಾದ್ದ ಒಂದು ಹೊಸಾದು ಬೇಕು. ನನ್ನ ಕುಪ್ಪಸಕ್ಕೂ ಕೂಸಿನ ತಲಿಗೆ ಹಾಕೋ ಕುಂಚಿಗಿಗೂ ಇದ ನವಿಲು ಹಾಕ್ರಿ."

"ಹಳೇದು ಹ್ಯಾಂಗೈತೋ ಹಂಗ ಹಾಕಲೇ," ಅಂದ್ಲು ತಾಯಿ.

ಹಾಕಿದ. ಎಳಿ ಎಣಿಸಿ ಎಣಿಸಿ ಹಾಕಿದ. ಆಮ್ಯಾಲ ಹಳೇದಕ್ಕ ಇಲಿ ಕಡದ ಮೂರು ತೂತು ಇದ್ದವಲ್ಲ, ಕತ್ತರಿ ತಗೊಂಡು ಹೊಸಾದಕ್ಕೂ ಮೂರು ತೂತು ಮಾಡಿದ.

"ಇಲಿಗೆ ಹುಟ್ಟೀಯೇನಲೇ ನೀ?" ಅಂದ್ಲು ನಿಂಬೆವ್ವ. ಅಂದಮ್ಯಾಲ ಸತ್ತ ಗಂಡನ ನೆನಪಾಗಿ ನಾಲಿಗಿ ಕಚ್ಚಿಕೊಂಡ್ಲು. "ತೂತು ಕಂಡರ ಹೊಲದು ಮುಚ್ಚಬೇಕು."

"ಹೂನವ್ವಾ."

ಮೂರನ್ನೂ ಮುಚ್ಚಿದ. ಬಾಜೂಕ ಅಂಬಕ್ಕನ ಕುಪ್ಪಸ ಇತ್ತು. ಎರಡು ತೋಳು, ಎರಡು ತೂತು. ಅವನ್ನೂ ಮುಚ್ಚಿದ. ಅಂಬಕ್ಕ ಕೈ ತೂರಿಸಿದ್ಲು, ಕೈ ಹೊರಗ ಬರಲಿಲ್ಲ. ನಿಂಬೆವ್ವಗ ಬೈಗುಳ ಬಂತು. ಆಕಿ ಮಗನ ಮ್ಯಾಲ ಹರಿಹಾಯ್ದ್ಲು.

"ಮುಚ್ಚೋ ಮೊದಲ ಹಾಕ್ಕೊಂಡು ನೋಡಲೇ ಪೆದ್ದಾ. ಮೈ ಹಿಡಿಸೋ ತೂತು ಬಿಡಬೇಕು, ಹಿಡಿಸದ್ದು ಮುಚ್ಚಬೇಕು."

"ಹೂನವ್ವಾ."

ಕೂಸಿನ ಕುಂಚಿಗಿಗೆ ನವಿಲು ಹಾಕಿದ. ಹಾಕಿ ತನ್ನ ತಲಿಗೆ ಏರಿಸಿ ನೋಡಿದ. ಹಿಡಿಸಲಿಲ್ಲ. ಕುಂಚಿಗಿ ಬಾಯಿ ಮುಚ್ಚಿ ಹೊಲದುಬಿಟ್ಟ.

"ಮೂರು ತಿಂಗಳ ಕೂಸಿನ ಕುಂಚಿಗ್ಯಾಗ ನಿನ್ನ ಗಡಿಗಿಯಂಥ ತಲಿ ತುರುಕಿದೇನಲೇ! ಹೋಗು, ಅವರ ಮನ್ಯಾಗ ಕುಂತು ಬಿಚ್ಚಿ ಕೊಡು. ಇನ್ನ ಯಾರ ಬಟ್ಟಿಯೋ ಅವರನ್ನ ಕೇಳದ ಕೈ ಹಚ್ಚಬ್ಯಾಡ."

"ಹೂನವ್ವಾ."

ಸೋಮವಾರ ಮುಂಜಾನೆ ಹೋದಾಂವ ಮಧ್ಯಾಹ್ನಾದರೂ ಬರಲಿಲ್ಲ. ನಿಂಬೆವ್ವ ದೇಸಾಯರ ಮನಿಗೆ ಓಡಿದ್ಲು. ಊರ ಹೆಣಮಕ್ಕಳೆಲ್ಲಾ ಆರತಿ ಹಿಡಕೊಂಡು ನಿಂತಾರ. ಕೂಸು ದ್ಯಾಮಣ್ಣನ ತೊಡಿ ಮ್ಯಾಲೈತಿ, ಕುಂಚಿಗಿ ಇನ್ನೂ ಮುಚ್ಚೇ ಐತಿ. ಅಂಬಕ್ಕನ ಮಾರಿ ಕೆಂಪಾಗೈತಿ.

"ಯಾಕಲೇ ಬಿಚ್ಚಿಲ್ಲ?"

"ಮೆಲ್ಲಕ ಮಾತಾಡವ್ವಾ. ಬಿಚ್ಚಲೇನು ಅಂತ ಮುಂಜಾನಿಂದ ಕೂಸಿನ್ನ ಕೇಳಾಕತ್ತೀನಿ. ಬಾಯಿ ಬಿಡವಲ್ಲಳು."

ಅಷ್ಟರಾಗ ಕೂಸು ಅವನ ಧೋತರದ ಮ್ಯಾಲ ಉಚ್ಚಿ ಹೊಯ್ತು.

ದ್ಯಾಮಣ್ಣ ಹಸಿ ಧೋತರ ನೋಡಿದ, ಕೂಸಿನ ಮಾರಿ ನೋಡಿದ.

"ಬ್ಯಾಡಂತವ್ವಾ," ಅಂದ. ಅಂದಾಂವ ಸೂಜಿಗೆ ದಾರ ಪೋಣಿಸಿ, ಗಟ್ಟಿ ಇರಲಿ ಅಂತ ಕುಂಚಿಗಿ ಬಾಯಿಗೆ ಇನ್ನೊಂದು ಸುತ್ತು ಹೊಲಿಗಿ ಹಾಕಿದ.