ಅರಮನೆ ಬಾಗಿಲಲ್ಲಿ ಬಿಟ್ಟ ಚಳಿ

ಒಂದಾನೊಂದು ಊರಿನಲ್ಲಿ ವಿಪರೀತ ಚಳಿ. ಎಂಥ ಚಳಿ ಅಂದರೆ, ಒಲೆಯೊಳಗಿನ ಬೆಂಕಿಯೇ ಎದ್ದು ಬಂದು ಮನೆಯವರ ಪಕ್ಕ ಕುಳಿತು ಕೈ ಕಾಯಿಸಿಕೊಳ್ಳುತ್ತಿತ್ತು. ಸುಳ್ಳು ಅನ್ನುವವರು ಈಗಲೇ ಎದ್ದು ಹೋಗಿ. ಉಳಿದವರು ಹೂಂ ಅನ್ನಿ. ಊರಿನ ಹೆಸರು ಗಡಗಡಪುರ.

ಗಡಗಡಪುರದವರಿಗೆ ತಮ್ಮ ಚಳಿಯ ಬಗ್ಗೆ ಬಲು ಹೆಮ್ಮೆ. ಅದಕ್ಕಿಂತ ಹೆಮ್ಮೆ ತಮ್ಮ ಉಡುಗೆಯ ಬಗ್ಗೆ. ಕೆಲಸಕ್ಕೆ ಹೊರಡುವಾಗ ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಡುತ್ತಿದ್ದರು. ಅಂಗಿಯ ಮೇಲೆ ಅಂಗಿ, ಅದರ ಮೇಲೆ ಮದುವೆಯ ಅಂಗಿ, ಅದರ ಮೇಲೆ ಅಪ್ಪನ ಮದುವೆಯ ಅಂಗಿ. ತೊಟ್ಟು ಮುಗಿಯುವಾಗ ಮಧ್ಯಾಹ್ನ. ಆಮೇಲೆ ಬಾಗಿಲಲ್ಲಿ ಹಿಡಿಸದೆ ಒಂದಿಷ್ಟು ಕಳಚಿ, ಹೊರಗೆ ಬಂದು ಮತ್ತೆ ತೊಟ್ಟು, ಕೆಲಸಕ್ಕೆ ತಲುಪುವಾಗ ಸಂಜೆ.

ಈ ಊರಿನಲ್ಲಿ ಕಲ್ಲವ್ವ ಅಂತ ಒಬ್ಬ ಹೆಂಗಸು. ಅರಮನೆಯೊಳಗೆ ಬೆಳಗಿನ ನಗಾರಿ ಬಾರಿಸುವುದು ಅವಳ ಕೆಲಸ. ಅವಳಲ್ಲಿ ತಾಯಿ ಬಿಟ್ಟುಹೋದ ಒಂದು ಕರಿ ಕಂಬಳಿ ಇತ್ತು. ಆ ಕಂಬಳಿ ಮಾತಾಡುತ್ತಿತ್ತು. ಮಾತಿಗಿಂತ ಜಂಬ ಜಾಸ್ತಿ. ಮೊದಲು ಉಳಿದ ಬಟ್ಟೆಯೆಲ್ಲ ಮೈಮೇಲೆ ನೆಟ್ಟಗೆ ಕೂರಬೇಕು, ಎಲ್ಲಕ್ಕೂ ಮೇಲೆ ತಾನು ಕೂರಬೇಕು ಅಂತ ಅದರ ಹಟ. ಕಲ್ಲವ್ವನಿಗೆ ಆ ಜಂಬವೇ ಇಷ್ಟ. ಕಂಬಳಿ ಹೊದ್ದು ಬೀದಿಗಿಳಿದರೆ ತಾಯಿ ಬೆನ್ನ ಮೇಲೆ ಕೈಯಿಟ್ಟ ಹಾಗೆ ಅನಿಸಿ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು.

ತೊಂದರೆ ಏನಪ್ಪಾ ಅಂದರೆ, ನಗಾರಿ ಬಾರಿಸದೆ ಆ ಊರಿನಲ್ಲಿ ಬೆಳಗಾಯಿತು ಅನ್ನುವ ಹಾಗಿರಲಿಲ್ಲ. ಕಲ್ಲವ್ವ ಸಂಜೆಗೆ ಬರುತ್ತಿದ್ದಳು. ಹಾಗಾಗಿ ಬೆಳಗು ಸಂಜೆಗೆ ಆಗುತ್ತಿತ್ತು. ದೊರೆ ಉಬ್ಬಣ್ಣನಿಗೆ ಬೆಳಗಿನ ಉಪ್ಪಿಟ್ಟೆಂದರೆ ಪ್ರಾಣ. ಬೆಳಗಾಗದೆ ಬೆಳಗಿನ ಉಪ್ಪಿಟ್ಟು ತಿನ್ನುವುದು ಹೇಗೆ? ಸಂಜೆಯವರೆಗೆ ತಟ್ಟೆಯ ಮುಂದೆ ಕೂರುತ್ತಿದ್ದ. ಸಾಲದ್ದಕ್ಕೆ ಪಕ್ಕದ ಸೆಕೆಪುರದ ರಾಯಭಾರಿ ಬಂದು, ಇದೆಂಥ ಸೋಮಾರಿ ಊರು, ಇಲ್ಲಿ ಸೂರ್ಯನಿಗೂ ಆಕಳಿಕೆ ಬರುತ್ತದೆ ಅಂತ ನಕ್ಕು ಹೋದ.

ದೊರೆಗೆ ಮೈಯೆಲ್ಲ ಉರಿಯಿತು. ಡಂಗುರ ಹೊಡೆಸಿದ. ನಾಳೆಯಿಂದ ಎಲ್ಲರೂ ಮೈಚಳಿ ಬಿಟ್ಟು ಕೆಲಸ ಮಾಡತಕ್ಕದ್ದು. ಬಿಡದವರ ಕಂಬಳಿ ಜಪ್ತಿ.

ದೊರೆ ಹೇಳಿದ್ದು ಸೋಮಾರಿತನ ಬಿಡಿ ಅಂತ. ಆದರೆ ಗಡಗಡಪುರದವರು ದೊರೆಯ ಮಾತಿಗೆ ತಮ್ಮ ಅರ್ಥ ಬೆರೆಸುವ ಜನವಲ್ಲ. ಮೈಚಳಿ ಬಿಡು ಅಂದರೆ ಮೈಚಳಿ ಬಿಡುವುದು. ಕಲ್ಲವ್ವನಿಗೆ ಕಂಬಳಿಯ ಚಿಂತೆ ಹತ್ತಿತು. ಕಂಬಳಿ ಹೋದರೆ ತಾಯಿಯನ್ನು ಇನ್ನೊಮ್ಮೆ ಕಳಕೊಂಡ ಹಾಗೆ. ಅವಳು ಕಂಬಳಿಯನ್ನೇ ಕೇಳಿದಳು.

"ಚಳಿ ಬಿಡೂದೇನೋ ಬಿಡ್ತೀನಿ. ಎಲ್ಲಿ ಬಿಡ್ಲಿ?"

"ಚಪ್ಪಲಿ ಎಲ್ಲಿ ಬಿಡ್ತಿ?"

"ಬಾಗಲದಾಗ."

"ಇದನ್ನೂ ಅಲ್ಲೇ ಬಿಡು. ಇದಕ್ಕೇನ ಬ್ಯಾರೆ ಗೂಟ ಬೇಕು?"

ಮರುದಿನ ಕಲ್ಲವ್ವ ಒಂದೇ ಸೀರೆಯಲ್ಲಿ ಹೊರಟಳು. ಕಂಬಳಿ ಕಂಕುಳಲ್ಲಿತ್ತು. ಅರಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಹೆಗಲು ಕೊಡವಿ ಅದರ ಪಕ್ಕ ಚಳಿಯನ್ನೂ ಬಿಟ್ಟಳು. ಚಳಿ ಮುದುರಿಕೊಂಡು ಕೂತಿತು. ಇವಳು ಬೆಚ್ಚಗೆ ಒಳಗೆ ಹೋಗಿ ನಗಾರಿ ಬಾರಿಸಿದಳು. ಗಡಗಡಪುರದಲ್ಲಿ ಬೆಳಿಗ್ಗೆಯೇ ಬೆಳಗಾಯಿತು. ದೊರೆ ಬಿಸಿ ಉಪ್ಪಿಟ್ಟು ತಿಂದು ಮತ್ತೊಮ್ಮೆ ಹಾಕಿಸಿಕೊಂಡ.

ಕಂಡವರೆಲ್ಲ ಕಲ್ಲವ್ವನ ದಾರಿ ಹಿಡಿದರು. ಬಾಗಿಲಲ್ಲಿ ಚಳಿಗಳ ರಾಶಿ ಬಿತ್ತು. ಸಂಜೆ ಅದಲುಬದಲಾಗುವುದೂ ಶುರುವಾಯಿತು. ಕಮ್ಮಾರ ಮಲಕಾಜಿ ಅವಸರದಲ್ಲಿ ತನ್ನ ಅತ್ತೆಯ ಚಳಿ ಹಾಕಿಕೊಂಡು ಹೋಗಿ, ದಾರಿಯುದ್ದಕ್ಕೂ ತನ್ನನ್ನೇ ತಾನು ಬೈದುಕೊಂಡ. ಅಂದಿನಿಂದ ಎಲ್ಲರೂ ಗುರುತಿಗೆ ಬಣ್ಣದ ದಾರ ಕಟ್ಟತೊಡಗಿದರು.

ಒಂದು ಸಂಜೆ ಎಲ್ಲರೂ ಅವರವರ ಚಳಿ ಹಾಕಿಕೊಂಡ ಮೇಲೂ ಮೂಲೆಯಲ್ಲಿ ಒಂದು ಉಳಿದದ್ದು ಕಣ್ಣಿಗೆ ಬಿತ್ತು. ದಪ್ಪ ಚಳಿ. ದಾರವಿಲ್ಲ. ಕಲ್ಲವ್ವ ಬಗ್ಗಿ ನೋಡಿದಳು. ಒಂದು ದಿನವೂ ಮೈಗೆ ಹಾಕಿದ ಕುರುಹಿಲ್ಲ, ಎಲ್ಲೂ ಸವೆದಿಲ್ಲ. ಇದು ದೊರೆಯದು ಅಂದಳು. ದೊರೆ ಹುಟ್ಟಿದಾಗಿನಿಂದ ಅಗ್ಗಿಷ್ಟಿಕೆಯ ಮುಂದಿನಿಂದ ಎದ್ದವನಲ್ಲ. ಪಾಪ, ಅವನ ಚಳಿ ಅಷ್ಟೂ ವರ್ಷ ಬಾಗಿಲಲ್ಲೇ ಕಾಯುತ್ತಿತ್ತು.

ತನಗೂ ಒಂದು ಚಳಿ ಉಂಟೆಂದು ಕೇಳಿ ದೊರೆ ಹಿಗ್ಗಿ ಹೊರಗೆ ಬಂದ. ಬಂದವನು ಅದರೊಳಗೇ ಕಾಲಿಟ್ಟ. ಚಳಿ ಗಬಕ್ಕನೆ ಮೈ ಹತ್ತಿತು. ದೊರೆ ನಡುಗಿದ, ಕಿರೀಟ ನಡುಗಿತು, ಹೊಟ್ಟೆಯೊಳಗಿನ ಉಪ್ಪಿಟ್ಟೂ ನಡುಗಿತು.

ಜಪ್ತಿ ಅಧಿಕಾರಿಗಳು ಓಡಿ ಬಂದರು. ಮೈಚಳಿ ಬಿಡದವರ ಕಂಬಳಿ ಜಪ್ತಿ ಆಗಬೇಕು. ದೊರೆಯೇ ಚಳಿ ಹಾಕಿಕೊಂಡು ನಿಂತಿದ್ದಾನೆ. ಅವನಿಗೋ ಕಂಬಳಿಯೇ ಇಲ್ಲ. ಹಾಗಂತ ಆಜ್ಞೆ ಬರಿಗೈಲಿ ವಾಪಸು ಹೋಗುವುದಿಲ್ಲ, ಯಾರದಾದರೂ ಒಂದು ಕಂಬಳಿ ಆಗಲೇಬೇಕು. ಎಲ್ಲರ ಕಣ್ಣು ಕಲ್ಲವ್ವನ ಕಂಬಳಿಯ ಮೇಲೆ ಬಿತ್ತು. ಕಿತ್ತುಕೊಂಡು ದೊರೆಗೆ ಹೊದಿಸಿಯೇಬಿಟ್ಟರು.

ಕಂಬಳಿ ಜಾರಿತು. ಮತ್ತೆ ಹೊದಿಸಿದರು. ಮತ್ತೆ ಜಾರಿತು.

"ಬರೇ ರೇಷ್ಮಿ ಮ್ಯಾಲ ನಾ ಕೂಡಾಕಿ ಅಲ್ಲ," ಅಂದಿತು ಕಂಬಳಿ.

ಕಲ್ಲವ್ವನಿಗೆ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಅವಳು ದೊರೆಯ ಮುಂದೆ ತಲೆಯೆತ್ತಿ ನಿಂತಳು.

"ಕಸಗೊಂಡ್ರ ಅದು ಬರೂದಿಲ್ರಿ ದೊರಿ. ಗಡಗಡಪುರದ ಕಂಬಳಿ ಅದು. ಈ ಊರಾಗ ಇನ್ನ ಯಾರ ಕಂಬಳೀನೂ ಯಾರೂ ಮುಟ್ಟಬಾರದು. ಒಪ್ಪಿದ್ರ ಹೇಳ್ರಿ, ನಿಮ್ಮ ಚಳಿ ನಾ ಬಿಡಸ್ತೀನಿ."

ದೊರೆ ಒಪ್ಪಿ ತಲೆಯಾಡಿಸಿದ. ನಡುಕಕ್ಕೆ ತಲೆ ಎಷ್ಟು ಸಲ ಆಡಿತೆಂದರೆ, ಅವನ ಮಕ್ಕಳು ಮೊಮ್ಮಕ್ಕಳೂ ಒಪ್ಪಿದ ಲೆಕ್ಕವಾಯಿತು.

ಕಲ್ಲವ್ವ ಊರವರನ್ನು ಕರೆದಳು. ಒಬ್ಬೊಬ್ಬರು ಒಂದೊಂದು ಬಟ್ಟೆ ಕೊಟ್ಟರು. ಮಲಕಾಜಿಯ ಅಂಗಿ, ಅದರ ಮೇಲೆ ಅವನ ಅತ್ತೆಯ ಸೀರೆ, ಅದರ ಮೇಲೆ ಯಾರದೋ ಅಪ್ಪನ ಮದುವೆಯ ಅಂಗಿ, ತಲೆಗೆ ಕೂಸಿನ ಕುಲಾವಿ. ತೊಡಿಸಿ ಮುಗಿಯುವಾಗ ಮರುದಿನ ಮಧ್ಯಾಹ್ನ. ಕಡೆಗೆ ಕಂಬಳಿ ನಿಧಾನವಾಗಿ ಹತ್ತಿ, ಅಂಚು ಸರಿಮಾಡಿಕೊಂಡು, ಎಲ್ಲಕ್ಕೂ ಮೇಲೆ ಕೂತಿತು. ಅಷ್ಟು ಜನರ ಬಟ್ಟೆಯ ನಡುವೆ ಚಳಿಗೆ ಕೂರಲು ಜಾಗವೇ ಉಳಿಯಲಿಲ್ಲ. ಅದು ಕೊರಳಪಟ್ಟಿಯಿಂದ ನುಸುಳಿಕೊಂಡು ಸೆಕೆಪುರದ ಕಡೆ ನಡೆದುಬಿಟ್ಟಿತು. ದೊರೆಯ ಎರಡು ಕೈ ಎರಡು ದಿಕ್ಕಿಗೆ ನಿಂತಿದ್ದವು, ಬಾಯಿಗೆ ಬರುತ್ತಿರಲಿಲ್ಲ. ಕಲ್ಲವ್ವ ನಗಾರಿ ಬಾರಿಸಿ ಬಂದು ಉಪ್ಪಿಟ್ಟು ತಿನ್ನಿಸಿದಳು. ತಿನ್ನಿಸಿ, ಬಾಯಿ ಒರೆಸಿ, ತನ್ನ ಕಂಬಳಿ ತಗೊಂಡು ಮನೆಗೆ ಬಂದಳು.

ಹೊತ್ತು ಮುಳುಗುವ ಮುಂಚೆ ಸೆಕೆಪುರದ ರಾಯಭಾರಿ ಮತ್ತೆ ನಗಲಿಕ್ಕೆಂದು ಬಂದ. ಊರ ಬಾಗಿಲಲ್ಲಿ ಏನು ಸಮಾಚಾರ ಅಂತ ಮಲಕಾಜಿಯನ್ನು ಕೇಳಿದ. ಗಡಗಡಪುರದವರು ಮಾತಿಗೆ ಏನೂ ಬೆರೆಸುವವರಲ್ಲ. ನಡೆದದ್ದನ್ನೇ ಮಲಕಾಜಿ ಎದೆಯುಬ್ಬಿಸಿ ಹೇಳಿದ.

"ನಮ್ಮ ಕಲ್ಲವ್ವ ದೊರೀ ಚಳಿ ಬಿಡಿಸ್ಯಾಳ್ರಿ. ಊರೆಲ್ಲಾ ಸೇರಿ ಬಿಡಿಸೇವಿ."

ರಾಯಭಾರಿಯ ಮುಖ ಬಿಳಿಚಿಕೊಂಡಿತು. ಸ್ವಂತ ದೊರೆಗೇ ಈ ಗತಿಯಾದರೆ ಹೊರಗಿನವನ ಪಾಡೇನು? ಬಂದ ದಾರಿಯಲ್ಲೇ ಓಡಿದ. ಸೆಕೆಪುರದವರು ಮುಂದೆಂದೂ ಈ ಕಡೆ ತಿರುಗಿ ನಗಲಿಲ್ಲ.

ಜಪ್ತಿಯ ಭಯ ಹೋಗಿ, ಈಗ ಕಲ್ಲವ್ವ ಮತ್ತೆ ಸಂಜೆಗೇ ಬರುತ್ತಾಳೆ. ಮೈತುಂಬ ಬಟ್ಟೆ, ಎಲ್ಲಕ್ಕೂ ಮೇಲೆ ಕರಿ ಕಂಬಳಿ, ಕತ್ತು ನೆಟ್ಟಗೆ. ನಗಾರಿ ಕೇಳಿದಾಗ ದೊರೆ ಎದ್ದು, ಬೆಳಗಾಯಿತು ಅನ್ನುತ್ತಾನೆ. ಎದುರು ಮಾತಿಲ್ಲ.

ಕತೆಯ ನೀತಿ ಏನೆಂದರೆ, ಜಪ್ತಿಗೆ ಆಜ್ಞೆ ಕೊಡುವವನು ಮೊದಲು ಒಂದು ಕಂಬಳಿ ಇಟ್ಟುಕೊಂಡಿರಬೇಕು. ನನ್ನ ಕತೆಯನ್ನು ಬಾಗಿಲಲ್ಲಿ ಬಿಟ್ಟಿದ್ದೇನೆ, ನಿಮ್ಮ ಚಳಿಗಳೂ ಅಲ್ಲೇ ಇವೆ. ಹೋಗುವಾಗ ನೋಡಿ ಹಾಕಿಕೊಳ್ಳಿ.