ತುಪ್ಪದ ಗೋಡೆ

ಹಿಮಬೆಟ್ಟದ ಮೇಲಿನ ಕೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಜೀವಕೋಶವಿತ್ತು. ಸಣ್ಣದಾದರೂ ಅದೊಂದು ಊರೇ. ನಡುಮನೆಯಲ್ಲಿ ಗೌಡ, ಅವನ ಅಪ್ಪಣೆಯಿಲ್ಲದೆ ಅಲ್ಲಿ ಏನೂ ತಯಾರಾಗದು. ಒಲೆಮನೆಯಲ್ಲಿ ಊರಿಗೆಲ್ಲ ಶಕ್ತಿ ಒದಗಿಸುವ ಮಾಚಯ್ಯ. ಸುತ್ತಲಿನ ಗೋಡೆ ಕಲ್ಲಿನದಲ್ಲ, ಕೊಬ್ಬಿನದು. ಅದರ ಕದ ತೆರೆದು ಹೊರಗಿನ ಅನ್ನವನ್ನು ಒಳಗೆ ಬಿಡುವವಳು ಕೆಂಚವ್ವ.

ಒಮ್ಮೆ ವಿಪರೀತ ಚಳಿ ಬಿತ್ತು. ಚಳಿಗೆ ತುಪ್ಪ ಗಟ್ಟಿಯಾಗುತ್ತದೆ, ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ; ಅಡುಗೆಮನೆ ನೋಡಿದ ಯಾವ ಮಗುವಿಗೂ ಇದು ಗೊತ್ತು. ಆ ಊರಿನ ಗೋಡೆಯ ತುಂಬ ತುಪ್ಪದಂಥ ಕೊಬ್ಬೇ ಇತ್ತು. ಗೋಡೆ ಬಿಗಿಯಿತು, ಕದಗಳು ಅದರಲ್ಲೇ ಕಚ್ಚಿಕೊಂಡವು. ಅನ್ನ ಹೊರಗೇ ತೇಲುತ್ತಿತ್ತು.

ಕೆಂಚವ್ವ ನಡುಮನೆಗೆ ಓಡಿದಳು.

"ಗೌಡ್ರೇ, ಕದ ಅಲ್ಲಾಡ್ತಿಲ್ಲ. ಗೋಡೆಗೆ ಎಣ್ಣೆ ಬೆರೆಸೋಕೆ ಹೇಳಿ, ಮೆತ್ತಗಾಯ್ತದೆ. ಮಾಚಯ್ಯ ಉಪವಾಸ ಬಿದ್ದವ್ನೆ."

ಗೌಡನಿಗೆ ಇದು ತಿಳಿದಿರಲಿಲ್ಲ ಅಂದುಕೊಳ್ಳಬೇಡಿ. ಚಳಿಗೆ ಏನು ಮಾಡಬೇಕೆಂದು ತಾಯಿಕೋಶ ಅವನಿಗೆ ಹುಟ್ಟುವಾಗಲೇ ಕಲಿಸಿತ್ತು. ಆದರೂ ಆ ಮಹಾಶಯ ಮೀಸೆ ತಿರುವಿದ.

"ನಮ್ದು ತುಪ್ಪದ ಮನೆತನ. ಎಣ್ಣೆ ಗೋಡೆ ಕಟ್ಟಿದ್ರೆ ಕೆರೆಯೋರು ಏನಂದಾರು?"

ಯಾವ ಕೆರೆಯೋರು? ಕಣ್ಣಿಗೇ ಕಾಣದವನ ಮನೆತನ ನೋಡಲು ಯಾರು ಕಾದು ಕೂತಿದ್ದರು? ಇದನ್ನು ಹೇಳುವಾಗಲೂ ನನಗೆ ಮೈ ಉರಿಯುತ್ತದೆ. ಸಾಲದ್ದಕ್ಕೆ, ಚಳಿಗೆ ಗೋಡೆ ದಪ್ಪಗಿರಲಿ ಎಂದು ಇನ್ನಷ್ಟು ತುಪ್ಪ ಮೆತ್ತಿಸಿದ. ಅದಕ್ಕೂ ಮಾಚಯ್ಯನೇ ಖಾಲಿ ಹೊಟ್ಟೆಯಲ್ಲಿ ಒಲೆ ಉರಿಸಬೇಕಾಯಿತು. ಪಕ್ಕದಲ್ಲಿದ್ದ ತಂಗಿಕೋಶ ಗೋಡೆಗೆ ಎಣ್ಣೆ ಬೆರೆಸಿಕೊಂಡು ಹೊಟ್ಟೆ ತುಂಬ ಉಣ್ಣುತ್ತಿತ್ತು. ಅದು ಕುಲಗೆಟ್ಟಿತೆಂದು ಗೌಡ ಉಗಿದ.

ಕಡೆಗೆ ಚಳಿ ನಡುಮನೆಯೊಳಗೇ ಬಂತು. ಆಗ ಅವನಿಗೆ ಬುದ್ಧಿ ಬಂತು. ಬೇಗ ಎಣ್ಣೆ ಮಾಡಿ ಎಂದು ಅರಚಿಕೊಂಡ. ತುಪ್ಪದಂಥ ಕೊಬ್ಬನ್ನು ಎಣ್ಣೆಯಂತೆ ಮಾಡಲು ಶಕ್ತಿ ಬೇಕು. ಮಾಚಯ್ಯ ಆರಿದ ಒಲೆಯ ಮುಂದೆ ಸತ್ತು ಬಿದ್ದಿದ್ದ.

ಹಸಿವಿಗೆ ಕದದ ಬುಡದಲ್ಲೇ ಕುಸಿದಿದ್ದ ಕೆಂಚವ್ವ ಏಳಲಿಲ್ಲ.

"ಯಾರಿಗೆ ಹೇಳ್ತಿದೀರಿ ಗೌಡ್ರೇ? ಮಾಡೋನನ್ನ ನೀವೇ ಕೊಂದ್ರಿ."

ಅವಳು ಆಡಿದ ಕೊನೆಯ ಮಾತು ಅದು. ಗೌಡ ಮಾತ್ರ ಒಬ್ಬನೇ ಸ್ವಲ್ಪ ಹೊತ್ತು ಕೂಗುತ್ತಿದ್ದ. ಆಮೇಲೆ ಆ ಊರಲ್ಲಿ ಯಾರ ದನಿಯೂ ಇರಲಿಲ್ಲ.

ನೀತಿ ಕೇಳಿ: ಕಾಲಕ್ಕೆ ತಕ್ಕಂತೆ ಬದಲಾದರೆ ಯಾರ ಮಾನವೂ ಹೋಗುವುದಿಲ್ಲ. ಗೊತ್ತಿದ್ದೂ ಒಣಜಂಬಕ್ಕೆ ಬದಲಾಗದ ಯಜಮಾನ ಮೊದಲು ಬಲಿಕೊಡುವುದು ತನಗಾಗಿ ದುಡಿಯುವವರನ್ನೇ.